ಮದುಮಕ್ಕಳೇ ಕಾಣದ ಮದುವೆ ನಾಟಕ: ಉಗ್ರಾಣದ ಇಬ್ಬರಿಂದ ನಗು ತರಿಸಿದ ಬಗೆ

ಮದುಮಗಳೂ ಇಲ್ಲ, ಮದುಮಗನೂ ಇಲ್ಲ, ಪ್ರೀತಿಸಿದವರು ಕೈಕೊಟ್ಟ ಒಬ್ಬ ಹುಡುಗ, ಒಬ್ಬಳು ಹುಡುಗಿಯನ್ನು ಛತ್ರದ ಉಗ್ರಾಣದಲ್ಲಿ ಕೂರಿಸಿ ಒಂದೂವರೆ ಗಂಟೆ ನಾಟಕ ಆಡುತ್ತೇವೆ ಅಂದಾಗ ತುಮಕೂರಿನ ರಂಗಮಿತ್ರರಲ್ಲಿ ಹೆಚ್ಚಿನವರು ಬೇಡ ಅಂದರು. ಆನೆ, ಕುದುರೆಯನ್ನೇ ರಂಗಕ್ಕೆ ಹತ್ತಿಸಿದ ಗುಬ್ಬಿ ಕಂಪನಿಯ ಜಿಲ್ಲೆ ಇದು, ಇಲ್ಲಿನ ಜನಕ್ಕೆ ಎಲ್ಲವೂ ಕಣ್ಣಿಗೆ ಕಾಣಬೇಕು ಅನ್ನುವುದು ಅವರ ವಾದ. ಈಗ ತುಮಕೂರು, ಗುಬ್ಬಿ, ತಿಪಟೂರು, ಶಿರಾ ನಾಲ್ಕೂ ಕಡೆ ನಾಟಕ ಗೆದ್ದಿದೆ. ತಿಪಟೂರಿನವರು ಎರಡನೇ ಸಲವೂ ಕರೆಸಿಕೊಂಡರು. ಬೇಡ ಅಂದವರಲ್ಲೇ ಇಬ್ಬರು ಸ್ಕ್ರಿಪ್ಟ್ ಕೇಳಿದ್ದಾರೆ. ಅದಕ್ಕೇ ಇದನ್ನು ಬರೆಯುತ್ತಿರುವುದು.

ಕಥೆ ಇಷ್ಟೇ. ಒಂದೇ ಛತ್ರ, ಒಂದೇ ಮುಹೂರ್ತ. ಕೆಳಗಿನ ಹಾಲ್‌ನಲ್ಲಿ ಅವಳ ಹಳೇ ಹುಡುಗನ ಮದುವೆ, ಮಹಡಿಯ ಮಿನಿ ಹಾಲ್‌ನಲ್ಲಿ ಇವನ ಹಳೇ ಹುಡುಗಿಯ ಮದುವೆ. ಕದ್ದು ನೋಡಲೆಂದು ಇಬ್ಬರೂ ಉಗ್ರಾಣ ಸೇರುತ್ತಾರೆ. ಅಡುಗೆ ಭಟ್ಟರು ಇವರನ್ನು ಕೂಲಿಯವರೆಂದು ತಿಳಿದು ಮುಂದೆ ಬೀನ್ಸ್ ಸುರಿದು ಹೋಗುತ್ತಾರೆ. ವೆಂಟಿಲೇಟರಿನ ಆಚೆ ಇರುವ ಮದುವೆಮನೆ ಅಂದರೆ ಪ್ರೇಕ್ಷಕರು ಕೂತಿರುವ ಜಾಗ.

ಮೊದಲು ಒಂದು ಕನಸಿನ ದೃಶ್ಯದಲ್ಲಿ ಮದುಮಗಳನ್ನು ತಂದೂ ನೋಡಿದೆವು. ಸೀರೆ, ಒಡವೆ ಬಾಡಿಗೆ, ಮೇಕಪ್ ಸೇರಿ 6 ಸಾವಿರದ ಹತ್ತಿರ ಹೋಯಿತು, ನಾಟಕ ಅಲ್ಲೇ ಕೂತುಬಿಟ್ಟಿತು. ಮದುಮಗಳು ಕಣ್ಣಿಗೆ ಬಿದ್ದ ಕೂಡಲೇ ಜನ ಅವಳ ಪಕ್ಷ. ಅಲ್ಲಿಂದಾಚೆಗೆ ಈ ಹುಡುಗ ಪಾಪದವನಾಗಿ ಉಳಿಯುವುದಿಲ್ಲ, ಬೆನ್ನು ಹತ್ತಿದವನಾಗುತ್ತಾನೆ. ನಗು ನಿಂತು ಸಭೆಗೆ ಭಯ ಶುರುವಾಗುತ್ತದೆ. ಹಾಗಾಗಿ ಬರೆಯುವಾಗಲೇ ಒಂದು ಕಟ್ಟು ಹಾಕಿಕೊಳ್ಳಬೇಕು: ಪ್ರೀತಿಯ ಹುಚ್ಚು ಹಿಡಿದವರಿಗೆ ಮಾತ್ರ ಆ ಹುಚ್ಚಿನಿಂದ ನಷ್ಟ ಆಗಬೇಕು. ಇವರು ಫೋನ್ ಮಾಡಬಾರದು, ಚೀಟಿ ಕಳಿಸಬಾರದು, ಇವರು ಅಲ್ಲಿದ್ದಾರೆಂದು ಮದುವೆಮನೆಯಲ್ಲಿ ಯಾರಿಗೂ ಗೊತ್ತಾಗಬಾರದು. "ಕೊನೆಗೆ ತಾಳಿ ಕಟ್ಟೋ ಹೊತ್ತಿಗೆ ಮದುವೆ ನಿಲ್ಲಿಸೋ ಸೀನ್ ಹಾಕಿ, ಶಿಳ್ಳೆ ಬೀಳುತ್ತೆ" ಅಂತ ಹೇಳದವರಿಲ್ಲ. ಹಾಕಲಿಲ್ಲ, ಹಾಕುವುದೂ ಇಲ್ಲ.

ನಾಟಕ ನಿಲ್ಲುವುದೂ ಬೀಳುವುದೂ ನೋಟದ ಮೇಲೆ. ನಟರಿಬ್ಬರ ನಡುವೆ ಸುಮಾರು 4 ಅಡಿ ಅಂತರ. ಇಬ್ಬರಿಗೂ "ಹಾಲ್‌ನ ಹಿಂದಿನ ಗೋಡೆ ನೋಡಿ" ಅಂದರೆ ಇಬ್ಬರ ನೋಟವೂ ಸಮಾನಾಂತರವಾಗಿ ಸಾಗಿಬಿಡುತ್ತದೆ. ಒಬ್ಬನು ಒಂದು ಕಡೆ, ಇನ್ನೊಬ್ಬಳು ಮತ್ತೊಂದು ಕಡೆ ನೋಡುತ್ತಿದ್ದಾರೆ ಅಂತ ಸಭೆಗೆ ಅನ್ನಿಸುತ್ತದೆ, ಅಲ್ಲಿಗೆ ಮದುಮಗ ಮಾಯ. ಗುರಿಯನ್ನು ಹತ್ತಿರ ತರಬೇಕು. ರಂಗದ ಅಂಚಿನಿಂದ 20ರಿಂದ 25 ಅಡಿ, ಅಂದರೆ ಏಳೆಂಟನೇ ಸಾಲಿನ ಹತ್ತಿರ, ನಡುವಿನ ಓಣಿಯ ಮೇಲೆ, ಕೂತವರ ತಲೆಯಿಂದ ಒಂದು ಗೇಣು ಎತ್ತರ. ಅಷ್ಟು ಹತ್ತಿರವಿದ್ದರೆ ಇಬ್ಬರ ಮುಖವೂ ಒಳಕ್ಕೆ ತಿರುಗಿರುವುದು ಕಾಣುತ್ತದೆ, ಅಲ್ಲಿ ಯಾರೋ ನಿಂತಿದ್ದಾರೆಂದು ನಂಬಿಕೆ ಬರುತ್ತದೆ. ಕುರ್ಚಿಯ ಮೇಲೇ ಗುರಿ ಇಟ್ಟರೆ ಅಲ್ಲಿ ಕೂತವರು ಮುಜುಗರಪಟ್ಟು ಹಿಂದೆ ತಿರುಗುತ್ತಾರೆ, ಅವರ ಜೊತೆ ನಾಲ್ಕು ಸಾಲು ತಿರುಗುತ್ತದೆ. ಮಹಡಿ ಮದುವೆಗೆ ಗುರಿ ಇನ್ನೂ ಮೇಲೆ, ಗದ್ದ ಎತ್ತಿಯೇ ನೋಡಬೇಕು. ಹಾಗೆ ನೋಡಿದರೆ ಯಾರ ಮದುವೆ ನೋಡುತ್ತಿದ್ದಾರೆಂದು ಬಾಯಿಬಿಟ್ಟು ಹೇಳಬೇಕಾಗಿಲ್ಲ. ತಾಲೀಮಿನಲ್ಲಿ ಒಬ್ಬರು ಕೋಲಿಗೆ ಟವೆಲ್ ಕಟ್ಟಿಕೊಂಡು ಓಣಿಯಲ್ಲಿ ನಡೆಯಬೇಕು, ನಟರಿಬ್ಬರ ಕತ್ತು ಆ ಟವೆಲ್‌ನ ಜೊತೆಗೇ ತಿರುಗಬೇಕು. ಎರಡು ವಾರಕ್ಕೆ ಟವೆಲ್ ಬೇಕಾಗುವುದಿಲ್ಲ. ಪ್ರದರ್ಶನದಲ್ಲಿ ಇಬ್ಬರೂ ಒಂದೇ ಕ್ಷಣಕ್ಕೆ ತಿರುಗಲು ನಮ್ಮದೊಂದು ಸಂಜ್ಞೆ ಇದೆ. ಅದನ್ನು ಇಲ್ಲಿ ಬರೆಯುವುದಿಲ್ಲ.

ಶಬ್ದವೂ ಪ್ರೇಕ್ಷಕರ ಬೆನ್ನ ಹಿಂದಿನಿಂದಲೇ ಬರಬೇಕು. ರಂಗದ ಪಕ್ಕದ ಸ್ಪೀಕರ್ ಡಬ್ಬಗಳಿಂದ ಓಲಗ ಕೇಳಿದರೆ ಮದುವೆ ಉಗ್ರಾಣದೊಳಗೇ ನಡೆದಂತಾಗುತ್ತದೆ. ದುಡ್ಡು ಉಳಿಯಲಿ ಅಂತ ಬ್ಲೂಟೂತ್ ಸ್ಪೀಕರ್ ಇಟ್ಟು ನೋಡಿದ್ದಾಯಿತು. ಗುಂಡಿ ಒತ್ತಿದ ಮೇಲೆ ಶಬ್ದ ಬರುವುದು ಒಂದು ಎಳೆ ತಡ. ಸಂಗೀತಕ್ಕಾದರೆ ನಡೆಯುತ್ತದೆ, ಪಾತ್ರೆ ಬಿದ್ದು ಇಬ್ಬರೂ ಬೆಚ್ಚುವ ಕಡೆ ನಡೆಯುವುದಿಲ್ಲ, ಬೆಚ್ಚಿದ ಮೇಲೆ ಪಾತ್ರೆ ಬೀಳುತ್ತದೆ. 30 ಮೀಟರ್ ಎಕ್ಸ್‌ಎಲ್‌ಆರ್ ಕೇಬಲ್ (ಸೌಂಡಿನವರು ಮೈಕ್, ಸ್ಪೀಕರಿಗೆ ಬಳಸುವ ವೈರು) ಕೊಂಡು ಗೋಡೆಯಂಚಿನಲ್ಲಿ ಎಳೆದು, ಹಿಂದಿನ ಸಾಲಿನ ಹಿಂದೆ ಒಂದು ಪವರ್ಡ್ ಸ್ಪೀಕರ್ (ಆಂಪ್ಲಿಫೈಯರ್ ಒಳಗೇ ಇರುವಂಥದ್ದು) ಇಡುವುದೇ ಖಾತ್ರಿ.

ವೆಂಟಿಲೇಟರಿನ ಸರಳುಗಳ ನೆರಳು ಮುಖದ ಮೇಲೆ ಬೀಳಬೇಕು. ಅದಕ್ಕೆ ಆಫ್‌ಸೆಟ್ ಪ್ರೆಸ್‌ನವರು ಗುಜರಿಗೆ ಹಾಕುವ ಅಲ್ಯುಮಿನಿಯಂ ಪ್ಲೇಟ್ ತಂದು ಕತ್ತರಿಯಲ್ಲಿ ಪಟ್ಟಿ ಕೊರೆದು ಬೆಳಕಿಗೆ ಆಕಾರ ಕೊಡಬಲ್ಲ ಪ್ರೊಫೈಲ್ ಲೈಟಿಗೆ ಹಾಕಿದರೆ ಸಾಕು. ರೆಡಿಮೇಡ್ ಗೋಬೊಗೆ (ಹೀಗೆ ಆಕಾರ ಕೊರೆದ ತಗಡಿಗೆ) ದುಡ್ಡು ಸುರಿಯಬೇಡಿ. ವಿಡಿಯೋ ಲೈಟಿನವನು ಈ ಕಡೆ ತಿರುಗಿದ ಅನ್ನುವುದಕ್ಕೆ ಕೈಯಲ್ಲಿ ಹಿಡಿದ ಒಂದು ಎಲ್‌ಇಡಿ ಸಾಕು, ಅದು ಮುಖದ ಮೇಲೆ ಹಾಯುತ್ತಲೇ ಇಬ್ಬರೂ ಬಗ್ಗುತ್ತಾರೆ. ಮೂರು ಸಲ ಮಾಡಿ. ನಾಲ್ಕನೇ ಸಲಕ್ಕೆ ನಗು ಇಳಿಯುತ್ತದೆ.

ಇನ್ನು ಮಾತು. ಹಳೇ ಪ್ರೇಮಿಯನ್ನು ಬೈಯುವ ಮಾತು ಒಂದೂ ಬೇಡ. ಹುಚ್ಚು ಹಿಡಿದವರು ಬೈಯುವುದಿಲ್ಲ, ವಿವರ ಒಪ್ಪಿಸುತ್ತಾರೆ.

"ಪೇಟ ಜಾರ್ತಾ ಐತೆ ನೋಡಿ."
"ಅವ್ನ ತಲೆ ಚಿಕ್ಕದು. ಹೆಲ್ಮೆಟ್ಟೂ ನಿಲ್ತಿರ್ಲಿಲ್ಲ."
"ನೀವ್ಯಾಕ್ರೀ ಅಳ್ತಿದೀರಿ?"
"ಈರುಳ್ಳಿ."
"ನಿಮ್ ಕೈಲಿರೋದು ಬೀನ್ಸು."

ಸ್ಕ್ರಿಪ್ಟ್ ಮೇಲೆ ಹಳೇ ಪ್ರೇಮಿಯ ಬಗ್ಗೆ ಇರುವ ಸಾಲಿಗೆಲ್ಲ ಕೆಂಪು ಗೆರೆ, ಇಬ್ಬರ ನಡುವಿನ ಸಾಲಿಗೆ ನೀಲಿ ಗೆರೆ ಎಳೆಯಿರಿ. ಮೊದಲ 20 ನಿಮಿಷ ಪುಟವೆಲ್ಲ ಕೆಂಪಿರಬೇಕು. ಆಮೇಲೆ ಕೆಂಪು ತೆಳುವಾಗುತ್ತಾ ಹೋಗಿ ಕೊನೆಯ ಕಾಲು ಗಂಟೆಯಲ್ಲಿ ಪೂರ್ತಿ ಇಲ್ಲವಾಗಬೇಕು. ಇದು ಪಾತ್ರಗಳಿಗೆ ತಿಳಿಯಬಾರದು, ಸಭೆಗೆ ತಿಳಿಯಬೇಕು. "ನಾನು ಅವಳನ್ನ ಮರೆತೆ" ಅಂತ ಒಂದು ಸಾಲು ಬರೆದರೆ ಈ ಲೆಕ್ಕವೆಲ್ಲ ನೀರುಪಾಲು. ನಮ್ಮಲ್ಲಿ ಹುಡುಗ ಅಭ್ಯಾಸಬಲದಿಂದ ವೆಂಟಿಲೇಟರಿಗೆ ಹೋಗಿ ನಿಲ್ಲುತ್ತಾನೆ, ಆದರೆ ಹೇಳುವುದು ಊಟದ ಪಂಕ್ತಿಯಲ್ಲಿ ಹೋಳಿಗೆ ಖಾಲಿಯಾಗುತ್ತಿದೆ ಅನ್ನುವ ಸುದ್ದಿ. ಇಡೀ ನಾಟಕದಲ್ಲಿ ಹೆಚ್ಚು ನಗು ಬೀಳುವುದು ಅಲ್ಲೇ. ಜೊತೆಗಿರುವ ಹುಡುಗಿಯನ್ನು ಅವನು ಏಕವಚನದಲ್ಲಿ ಮಾತಾಡಿಸುವುದೂ ಆಗಲೇ ಮೊದಲು.

ತರಕಾರಿ ವಿಷಯಕ್ಕೆ ಬಂದರೆ, ಈಳಿಗೆಮಣೆ ಬೇಡ. ಮುಖ ನೆಲಕ್ಕೆ ಬೀಳುತ್ತದೆ, ದನಿಯೂ ಅದರ ಜೊತೆಗೇ. ನಾರು ಎಳೆದು ಬೀನ್ಸ್ ಮುರಿಯುವುದು ಒಳ್ಳೆಯದು, ಕೈ ಕೆಲಸ ಮಾಡುತ್ತದೆ, ಕಣ್ಣು ಬಿಡುವಾಗಿರುತ್ತದೆ. ಎಳೆಯ ಬೀನ್ಸ್ ಚಟ್ ಅಂತ ಮುರಿದರೆ ಹತ್ತನೇ ಸಾಲಿಗೂ ಕೇಳುತ್ತದೆ. ಎದುರಿನವರ ಮಾತು ಮುಗಿದ ಮೇಲೆ ಒಂದು ಚಟ್, ಆಮೇಲೆ ಉತ್ತರ. ಮಾತಿನ ನಡುವೆ ಮುರಿದರೆ ಆ ಸಾಲು ಸತ್ತಂತೆ. ಹಿಂದಿನ ದಿನದ ಬೀನ್ಸ್ ಬಾಗುತ್ತದೆ, ಮುರಿಯುವುದಿಲ್ಲ. ಬೆಳಿಗ್ಗೆ ಅಂತರಸನಹಳ್ಳಿ ಮಾರ್ಕೆಟ್ಟಿನಲ್ಲಿ ತಂದು ಒದ್ದೆ ಬಟ್ಟೆಯಲ್ಲಿ ಸುತ್ತಿಡಬೇಕು. ಇಬ್ಬರಿಗೆ ಎರಡೂವರೆ ಕೆಜಿ ಬೇಕು. ಮದುವೆ ಸೀಸನ್‌ನಲ್ಲಿ ಅದೂ ಒಂದು ಖರ್ಚೇ.

ಅವರೆಕಾಲದಲ್ಲಿ ಹಿತಕವರೆಯನ್ನೂ ಪ್ರಯೋಗ ಮಾಡಿದೆವು. ಹಿಂದಿನ ರಾತ್ರಿ ನೆನೆಸಿದ ಕಾಳನ್ನು ಹೆಬ್ಬೆರಳು, ತೋರುಬೆರಳ ನಡುವೆ ಒತ್ತಿದರೆ ಬೇಳೆ ಚಿಮ್ಮಿ ಮುಂದಿನ ಸಾಲಿಗೇ ಹೋಗುತ್ತದೆ. ಸಿಟ್ಟಿನ ಮಾತಿಗೆ ಇದರಷ್ಟು ಚೆನ್ನಾಗಿ ಒದಗುವ ಪರಿಕರ ಇನ್ನೊಂದಿಲ್ಲ. ಆದರೆ ಸಿಪ್ಪೆ ಕಾಲಡಿ ಸಿಕ್ಕರೆ ನಟ ಜಾರುತ್ತಾನೆ, ಕೆಳಗೆ ಗೋಣಿಚೀಲ ಹಾಸಲೇಬೇಕು. ಇನ್ನೊಂದು ತೊಡಕು: ಧನುರ್ಮಾಸದಲ್ಲಿ ಮದುವೆ ಎಲ್ಲಿಂದ ಬಂತು ಅಂತ ಮುಂದೆ ಕೂತ ಅಜ್ಜಿಯರು ಗಟ್ಟಿಯಾಗಿಯೇ ಕೇಳುತ್ತಾರೆ. ಸಂಕ್ರಾಂತಿ ಕಳೆದ ಮೇಲೆ, ಅವರೆ ಇನ್ನೂ ಸಿಗುವಾಗ ಆಡಿದರೆ ಎರಡೂ ಕೂಡಿಬರುತ್ತವೆ.

ದುಡ್ಡಿನ ಮಾತು. ನೆನಪಿನ ಮೇಲೆ ಹೇಳುವುದಾದರೆ ಸೆಟ್ 14 ಸಾವಿರ, ಲೈಟು, ಸೌಂಡ್ 12ರಿಂದ 13, ತಾಲೀಮಿನ ಚಹಾ, ತಿಂಡಿಯೇ 15ರ ಹತ್ತಿರ, ಹಾಲ್ ಬಾಡಿಗೆ, ಬ್ಯಾನರ್ ಎಲ್ಲ ಸೇರಿ ಮೊದಲ ಪ್ರದರ್ಶನಕ್ಕೆ 55 ಸಾವಿರ. ಟಿಕೆಟ್ 100 ರೂಪಾಯಿ, ವಾಪಸು ಬಂದದ್ದು ಅರ್ಧ. ಹೊರ ಊರಿಗೆ ಈಗ ಒಂದು ಪ್ರದರ್ಶನಕ್ಕೆ 20 ಸಾವಿರದೊಳಗೆ ಮುಗಿಯುತ್ತದೆ, ಸಂಘಟಕರು ಕೊಡುವುದು 25ರಿಂದ 30. ಒಂದು ಊರಿನವರು ಅರ್ಧ ದುಡ್ಡು ಇಂದಿಗೂ ಕೊಟ್ಟಿಲ್ಲ, ಆಮೇಲಿಂದ ಮುಂಗಡ ಬರದೆ ಗಾಡಿ ಹೊರಡುವುದಿಲ್ಲ. ಉಳಿತಾಯ ಆಗಿದ್ದು ಸೆಟ್‌ನಲ್ಲಿ. ಚೌಕಟ್ಟು 7 ಅಡಿ ಮೀರದಂತೆ ಕಟ್ಟಿದರೆ ಟಾಟಾ ಏಸ್‌ನಲ್ಲಿ ಮಲಗುತ್ತದೆ. 8 ಅಡಿ ಆದರೆ ಹಿಂದಿನ ಬಾಗಿಲು ಹಾಕಲಾಗದೆ ದೊಡ್ಡ ಗಾಡಿ ಹುಡುಕಬೇಕು. ಅಕ್ಕಿಮೂಟೆಗಳ ಒಳಗೆ ಒಣಹುಲ್ಲು, ಕೊಪ್ಪರಿಗೆಗಳು ಆಯಾ ಊರಿನ ಶಾಮಿಯಾನದವರದ್ದು.

ಗಟ್ಟಿಮೇಳದ ದೃಶ್ಯದ ಬಗ್ಗೆ ಎಲ್ಲರೂ ಕೇಳುತ್ತಾರೆ. ನಾಗಸ್ವರ, ಡೋಲು ತಾರಕಕ್ಕೆ ಏರಿದಾಗ ಇಬ್ಬರೂ ಒಬ್ಬರಿಗೊಬ್ಬರು ಏನೋ ಹೇಳುತ್ತಾರೆ, ಸಭೆಗೆ ಒಂದಕ್ಷರವೂ ಕೇಳುವುದಿಲ್ಲ. ಸುಮ್ಮನೆ ಬಾಯಿ ಆಡಿಸಿದರೆ ಇದು ನಡೆಯುವುದಿಲ್ಲ, ಮೊದಲ ಸಾಲಿನವರು ಹಿಡಿದುಬಿಡುತ್ತಾರೆ. ನಿಜವಾದ ಸಾಲುಗಳು ಬೇಕು, ಗಂಟಲು ಬಿಟ್ಟೇ ಹೇಳಬೇಕು, ಪ್ರತಿ ಪ್ರದರ್ಶನದಲ್ಲೂ ಅವೇ ಸಾಲುಗಳಿರಬೇಕು. ನಮ್ಮ ಸಾಲುಗಳು ಸ್ಕ್ರಿಪ್ಟಿನಲ್ಲಿ ಇಲ್ಲ, ನಟರಿಬ್ಬರಿಗೆ ಮಾತ್ರ ಗೊತ್ತು. ಸ್ಕ್ರಿಪ್ಟ್ ಕೇಳಿದವರಿಗೂ ಅವು ಸಿಗುವುದಿಲ್ಲ, ನಿಮ್ಮವನ್ನು ನೀವೇ ಬರೆದುಕೊಳ್ಳಿ. ಲೈವ್ ಓಲಗದವರಿಗೆ 8 ಸಾವಿರದ ಮೇಲಾಗುತ್ತದೆ, ರೆಕಾರ್ಡಿಂಗ್ ಸಾಕು. ಧಾರೆಯ ಮಂತ್ರದಿಂದ ಗಟ್ಟಿಮೇಳಕ್ಕೆ ಹಾರುವ ಜಾಗದಲ್ಲಿ ಮಾತ್ರ ಒಂದು ಸೆಕೆಂಡ್ ಖಾಲಿ ಬಿಡಿ.

ವಿರಾಮ ಕೊಡಬೇಡಿ. ಚಹಾ ಕುಡಿದು ಬಂದ ಸಭೆ ಮತ್ತೆ ಮದುವೆಮನೆ ಆಗಲು ಹತ್ತು ನಿಮಿಷ ಹಿಡಿಯುತ್ತದೆ, ಅಷ್ಟರಲ್ಲಿ ಕೆಂಪು ಗೆರೆ ತೆಳುವಾಗುವ ಮುಖ್ಯ ಭಾಗ ಕೈಜಾರಿರುತ್ತದೆ. ಬಯಲಲ್ಲಿ ಆಡುವುದಾದರೆ ಜನರೇಟರನ್ನು ಪ್ರೇಕ್ಷಕರ ಹಿಂದೆ ಇಡಲು ಒಪ್ಪಬೇಡಿ, ಓಲಗ ಬರುವುದು ಆ ದಿಕ್ಕಿನಿಂದಲೇ. ರಂಗದ ಹಿಂದೆ, ಕೇಬಲ್ ಎಷ್ಟು ದೂರ ಹೋಗುತ್ತದೋ ಅಷ್ಟು ದೂರ ಇಡಿಸಿ.