ನಿಂತ ಚಿತ್ರ, ನಡೆಯುವ ಚಿತ್ರ: ಬೀದಿಯಲ್ಲಿ ಎರಡನ್ನೂ ಹಿಡಿಯಲು ಹೋಗಿ

ಈಗಿನ ಕ್ಯಾಮೆರಾದಲ್ಲಿ ಫೋಟೋನೂ ಬರುತ್ತದೆ, ವಿಡಿಯೋನೂ ಬರುತ್ತದೆ. ಹಾಗಾಗಿ ಎರಡೂ ಒಂದೇ ಕೆಲಸ ಅಂದುಕೊಂಡಿದ್ದೆ. ಆ ಭ್ರಮೆ ಬಿಡಿಸಿದ್ದು ಒಂದು ಛತ್ರಿ.

ಬಸ್ ಸ್ಟಾಪ್, ಜೋರು ಮಳೆ. ನಾನು ವಿಡಿಯೋ ಮಾಡುತ್ತಿದ್ದೆ. ಗಾಳಿಗೆ ಒಬ್ಬರ ಛತ್ರಿ ಉಲ್ಟಾ ಆಯಿತು. ಪಕ್ಕದಲ್ಲಿದ್ದ ಮೂವರೂ ಒಟ್ಟಿಗೆ ತಲೆ ತಗ್ಗಿಸಿದರು. ಎಂಥ ಫೋಟೋ! ರೆಕಾರ್ಡಿಂಗ್ ನಿಲ್ಲಿಸಿ, ಡಯಲ್ ತಿರುಗಿಸಿ, ಕ್ಯಾಮೆರಾ ಕಣ್ಣಿಗಿಡುವಷ್ಟರಲ್ಲಿ ಛತ್ರಿ ಸರಿಹೋಗಿತ್ತು. ಹೋಗಲಿ, ವಿಡಿಯೋದಲ್ಲಿ ಇದೆಯಲ್ಲ, ಅದರಿಂದಲೇ ಒಂದು ಫ್ರೇಮ್ ತೆಗೆದುಕೊಂಡರಾಯಿತು ಅಂತ ಸಮಾಧಾನ ಮಾಡಿಕೊಂಡೆ. 4ಕೆ ವಿಡಿಯೋದ ಒಂದು ಫ್ರೇಮ್ ಅಂದರೆ 3840 × 2160, ಸುಮಾರು 83 ಲಕ್ಷ ಪಿಕ್ಸೆಲ್. ಸಣ್ಣ ಪ್ರಿಂಟಿಗೆ ಧಾರಾಳ ಸಾಕು. ಮನೆಗೆ ಬಂದು ನೋಡಿದರೆ ಛತ್ರಿಯ ಕಡ್ಡಿಗಳೆಲ್ಲ ಕಲಸಿಹೋಗಿದ್ದವು, ಮುಖಗಳು ಮಸುಕು.

ತಪ್ಪು ಪಿಕ್ಸೆಲ್‌ದಲ್ಲ, ಶಟರ್‌ದು. ಸೆಕೆಂಡಿಗೆ 25 ಫ್ರೇಮ್ ಇರುವ ವಿಡಿಯೋಗೆ ಸಾಮಾನ್ಯವಾಗಿ 1/50 ಶಟರ್ ಇಡುತ್ತೇವೆ, ಅಂದರೆ ಒಂದೊಂದು ಫ್ರೇಮಿಗೂ ಸೆಕೆಂಡಿನ ಐವತ್ತನೇ ಒಂದು ಪಾಲು ಹೊತ್ತು ಬೆಳಕು ಬೀಳುತ್ತದೆ. ಪ್ರತಿ ಫ್ರೇಮಿನಲ್ಲೂ ಚೂರು ಮಸುಕು ಇದ್ದರೇ ನಡಿಗೆ ಕಣ್ಣಿಗೆ ಸಹಜವಾಗಿ ಕಾಣುವುದು. ಬೀದಿ ಫೋಟೋಗೆ ನಾನು ಇಡುವುದು 1/500. ವಿಡಿಯೋನೂ 1/500ರಲ್ಲೇ ತೆಗೆದರೆ ಒಳ್ಳೆಯ ಫ್ರೇಮ್ ಸಿಗುತ್ತದೆ ನಿಜ, ಆದರೆ ಓಡಿಸಿ ನೋಡಿದಾಗ ಜನ ಬೊಂಬೆಗಳ ಹಾಗೆ ಕಟಕಟ ಅಂತ ನಡೆಯುತ್ತಾರೆ. ಎರಡನ್ನೂ ಒಂದೇ ಏಟಿಗೆ ಹೊಡೆಯುವ ಆಸೆ ಅಲ್ಲಿಗೆ ಬಿಟ್ಟೆ.

ಈಗ ಕ್ಯಾಮೆರಾದ ಡಯಲ್‌ನಲ್ಲಿ ಎರಡು ಮನೆ ಮಾಡಿಟ್ಟುಕೊಂಡಿದ್ದೇನೆ. ಮೊದಲನೆಯದು ಫೋಟೋಗೆ: 1/500, ಎಫ್/8 (ಲೆನ್ಸಿನ ಕಂಡಿಯ ಅಳತೆ, ಅಂಕಿ ದೊಡ್ಡದಾದಷ್ಟೂ ಕಂಡಿ ಚಿಕ್ಕದು), ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಆಟೋ. ಎರಡನೆಯದು ವಿಡಿಯೋಗೆ: 1/50, ವೈಟ್ ಬ್ಯಾಲೆನ್ಸ್ (ಬಿಳಿ ಬಿಳಿಯಾಗೇ ಕಾಣಲು ಬಣ್ಣ ಹೊಂದಿಸುವುದು) ಆಟೋ ಅಲ್ಲ, ಹೊರಗಡೆಗೆ ಹಗಲು ಬೆಳಕಿನ ಅಳತೆಯಾದ 5600 ಕೆಲ್ವಿನ್‌ಗೆ ಕಟ್ಟಿಹಾಕಿದ್ದು. ಆಟೋ ಬಿಟ್ಟರೆ ಕೆಂಪು ಬಸ್ಸೊಂದು ಅಡ್ಡ ಬಂದ ಕೂಡಲೇ ಇಡೀ ರಸ್ತೆಯ ಬಣ್ಣ ಬದಲಾಗಿಬಿಡಬಹುದು. ಬಿಸಿಲಿನಲ್ಲಿ 1/50 ಅಂದರೆ ಬೆಳಕು ಜಾಸ್ತಿ. ಐಎಸ್‌ಒ 100, ಎಫ್/5.6 ಇಟ್ಟರೂ ನೆತ್ತಿಯ ಬಿಸಿಲಿಗೆ ಸುಮಾರು 4 ಸ್ಟಾಪ್ (ಒಂದೊಂದು ಸ್ಟಾಪಿಗೂ ಬೆಳಕು ಅರ್ಧ) ಕತ್ತರಿಸಬೇಕು. ಅದಕ್ಕೆ ಎನ್‌ಡಿ16 ಫಿಲ್ಟರ್, ಬೆಳಕನ್ನು ಹದಿನಾರರಲ್ಲಿ ಒಂದು ಪಾಲಿಗೆ ಇಳಿಸುವ ಕಪ್ಪು ಗಾಜು. ಅದನ್ನು ಹಾಕಿ ತೆಗೆದು ಮಾಡುವುದು ಬೇಸರದ ಕೆಲಸ. ಮ್ಯಾಗ್ನೆಟ್‌ನಿಂದ ಅಂಟಿಕೊಳ್ಳುವ ಫಿಲ್ಟರ್ ತಂದ ಮೇಲೆ ಗೊಣಗಾಟ ಕಮ್ಮಿಯಾಯಿತು.

ಫೋಕಸ್‌ಗೆ ನಾನು ಕ್ಯಾಮೆರಾವನ್ನು ನಂಬುವುದಿಲ್ಲ. ದೊಡ್ಡ ಸೆನ್ಸರಿನ ಫುಲ್ ಫ್ರೇಮ್ ಕ್ಯಾಮೆರಾ, ಅಗಲ ನೋಟದ 28 ಎಂಎಂ ಲೆನ್ಸ್, ಎಫ್/8. ಫೋಕಸ್ಸನ್ನು 3.3 ಮೀಟರ್‌ಗೆ ಇಟ್ಟು ಕೈ ಬಿಟ್ಟರೆ ಹೆಚ್ಚುಕಮ್ಮಿ 1.7 ಮೀಟರ್‌ನಿಂದ ದೂರದವರೆಗೂ ಎಲ್ಲ ಚುರುಕಾಗಿ ಕಾಣುತ್ತದೆ. ಆಮೇಲೆ ಉಳಿಯುವುದು ನೋಡುವುದೊಂದೇ. ವಿಡಿಯೋದಲ್ಲಿ ಇದರ ಲಾಭ ಇನ್ನೂ ಹೆಚ್ಚು. ಯಾರೋ ಅಡ್ಡ ಹೋದರೂ ಫೋಕಸ್ ಹಿಂದೆ ಮುಂದೆ ಓಡಾಡುವುದಿಲ್ಲ.

ಜನರಿಗೆ ಗೊತ್ತಾಗದ ಹಾಗೆ ತೆಗೆಯುವುದು ಹೇಗೆ ಅಂತ ಎಲ್ಲರೂ ಕೇಳುತ್ತಾರೆ. ಹಿಂದಿನವರು ಇದಕ್ಕೆ ಏನೇನೋ ಉಪಾಯ ಮಾಡಿದ್ದಾರೆ. ಫ್ರಾನ್ಸಿನ ಫೋಟೋಗ್ರಾಫರ್ ಕಾರ್ಟಿಯೆ-ಬ್ರೆಸಾನ್ ತನ್ನ ಲೈಕಾ ಕ್ಯಾಮೆರಾದ ಹೊಳೆಯುವ ಭಾಗಗಳಿಗೆ ಕಪ್ಪು ಟೇಪ್ ಅಂಟಿಸಿದ್ದ. ಅಮೆರಿಕದ ಫೋಟೋಗ್ರಾಫರ್ ಹೆಲೆನ್ ಲೆವಿಟ್ ಪಕ್ಕಕ್ಕೆ ನೋಡುವ ವ್ಯೂಫೈಂಡರ್ ಹಾಕಿಕೊಂಡಿದ್ದಳು. ಅವಳು ಒಂದು ಕಡೆ ಮುಖ ಮಾಡಿ ನಿಂತರೆ ಫೋಟೋ ಇನ್ನೊಂದು ಕಡೆಯದು! ಅಮೆರಿಕದವಳೇ ಆದ ವಿವಿಯನ್ ಮೇಯರ್ ಎದೆ, ಹೊಟ್ಟೆಯ ಮಟ್ಟದಲ್ಲಿ ಹಿಡಿದು ಮೇಲಿನಿಂದ ನೋಡುವ ರೋಲೈಫ್ಲೆಕ್ಸ್ ಕ್ಯಾಮೆರಾ ಬಳಸಿದಳು. ಈ ಇಬ್ಬರು ಹೆಂಗಸರೂ ಫೋಟೋ ಜೊತೆಗೆ ಬೀದಿಯ ಸಿನಿಮಾ ರೀಲುಗಳನ್ನೂ ತೆಗೆದವರು. ನಾವು ಹೊಸದಾಗಿ ಕಂಡುಹಿಡಿದದ್ದು ಏನೂ ಇಲ್ಲ, ಅಲ್ವಾ?

ನನ್ನ ಉಪಾಯ ಇಷ್ಟೇ: ಒಂದು ಜಾಗದಲ್ಲಿ ಇಪ್ಪತ್ತು ನಿಮಿಷ ಸುಮ್ನೆ ನಿಲ್ಲುವುದು. ಕ್ಯಾಮೆರಾ ಕೈಯಲ್ಲೇ, ಎಲ್ಲರಿಗೂ ಕಾಣುವ ಹಾಗೆ. ಮೊದಲ ಐದು ನಿಮಿಷ ನೋಡುತ್ತಾರೆ. ಆಮೇಲೆ ನಾನೂ ಅಲ್ಲಿನ ಒಂದು ಕಂಬ. ಮೊದಲೆಲ್ಲ ಜೂಮ್ ಲೆನ್ಸ್ ಹಾಕಿ ದೂರದಿಂದ ತೆಗೆಯುತ್ತಿದ್ದೆ. ಆ ಚಿತ್ರಗಳನ್ನು ಈಗ ನೋಡಿದರೆ ಕದ್ದು ನೋಡಿದ ಹಾಗಿವೆ. ಒಂದನ್ನೂ ಇಟ್ಟುಕೊಂಡಿಲ್ಲ.

ಒಮ್ಮೆ ಒಬ್ಬರು ನೇರ ಬಂದು, “ನನ್ನ ವಿಡಿಯೋ ಮಾಡಿದ್ರಾ?” ಅಂದರು. ಹೌದು ಅಂದೆ. “ನಾನು ಫೋನಲ್ಲಿ ಮಾತಾಡ್ತಾ ಇದ್ದೆ. ಮುಖ ಇದ್ರೆ ಇರ್ಲಿ, ಮಾತು ಬೇಡ” ಅಂದರು. ಕ್ಲಿಪ್ ತೋರಿಸಿ ಅವರೆದುರೇ ಅಳಿಸಿದೆ. ಫೋಟೋದಲ್ಲಿ ಮನುಷ್ಯ ಬಾಯಿ ತೆರೆದಿದ್ದರೂ ಮಾತು ಅವನದೇ. ವಿಡಿಯೋದಲ್ಲಿ ಅದೂ ನಮ್ಮ ಕೈಗೆ ಬಂದುಬಿಡುತ್ತದೆ. ಅಲ್ಲಿಯವರೆಗೆ ನನಗೆ ಇದು ಹೊಳೆದೇ ಇರಲಿಲ್ಲ. ಈಗ ಹತ್ತಿರದ ಮಾತು ಅರ್ಥವಾಗುವ ಹಾಗೆ ಕೇಳಿಸಿದರೆ ಆ ಶಬ್ದ ತೆಗೆದುಹಾಕುತ್ತೇನೆ. ಅಳುತ್ತಿರುವವರು, ಬಿದ್ದವರು, ಒಂಟಿ ಮಕ್ಕಳು, ಇವರ ಕಡೆ ಕ್ಯಾಮೆರಾ ಎತ್ತುವುದಿಲ್ಲ.

ಇನ್ನು ಯಾವುದಕ್ಕೆ ಫೋಟೋ, ಯಾವುದಕ್ಕೆ ವಿಡಿಯೋ? ಇದು ನನಗೆ ತಿಳಿದದ್ದು ಒಂದು ಕನ್ನಡಿಯಿಂದ. ಇಬ್ಬರು ಆಳೆತ್ತರದ ಕನ್ನಡಿ ಹೊತ್ತು ರಸ್ತೆ ದಾಟುತ್ತಿದ್ದರು. ಮೊದಲು ಫೋಟೋ ತೆಗೆದೆ. ಹಿಂದಿನವನ ಮುಖ ಕನ್ನಡಿಯ ಅಂಚಿನಲ್ಲಿ ಅರ್ಧ ಕಂಡಿತು, ಉಳಿದದ್ದೆಲ್ಲ ಆಕಾಶ. ಅದು ಅರ್ಧ ಸೆಕೆಂಡಿನ ಮಾತು, ಮುಂದಿನ ಹೆಜ್ಜೆಗೆ ಇಲ್ಲ. ಆಮೇಲೆ ಡಯಲ್ ತಿರುಗಿಸಿದೆ. ಈ ಸಲ ಗಡಿಬಿಡಿ ಇರಲಿಲ್ಲ, ಏಕೆಂದರೆ ಕನ್ನಡಿ ಇನ್ನೂ ಹೋಗುತ್ತಲೇ ಇತ್ತು. ಅದರೊಳಗೆ ಇಡೀ ಬೀದಿ ಜಾರುತ್ತಿತ್ತು: ಕಿಟಕಿಗಳು, ಸೈಕಲ್, ಒಂದು ನಾಯಿ, ಕೊನೆಗೆ ನಾನು. ಹನ್ನೆರಡು ಸೆಕೆಂಡು. ಆ ಜಾರುವಿಕೆ ಫೋಟೋಗೆ ಸಿಗುವಂಥದ್ದಲ್ಲ. ಅರ್ಧ ಮುಖವನ್ನು ವಿಡಿಯೋದಲ್ಲಿ ಯಾರೂ ಗಮನಿಸುವುದೂ ಇಲ್ಲ.

ಅವತ್ತಿನಿಂದ ಮನಸ್ಸಿನಲ್ಲಿ ಒಂದೇ ಪ್ರಶ್ನೆ ಕೇಳಿಕೊಳ್ಳುತ್ತೇನೆ. ಇದು ಮುಗಿದುಹೋಗುವಂಥದ್ದೋ, ನಡೆಯುತ್ತಲೇ ಇರುವಂಥದ್ದೋ? ಮುಗಿದುಹೋಗುವುದಾದರೆ ಫೋಟೋ. ನಡೆಯುತ್ತಿರುವುದಾದರೆ ವಿಡಿಯೋ. ಗೊಂದಲ ಆದರೆ ಫೋಟೋ, ಯಾಕೆಂದರೆ ಮುಗಿದದ್ದು ಮತ್ತೆ ಬರುವುದಿಲ್ಲ. ರಸ್ತೆಯಲ್ಲಿ ನೀರು ನಿಂತಿದ್ದರೆ ಮಾತ್ರ ಈ ಲೆಕ್ಕ ತಪ್ಪುತ್ತದೆ. ಪ್ಯಾರಿಸ್ಸಿನ ರೈಲು ನಿಲ್ದಾಣದ ಹಿಂದೆ ನೀರಿನ ಮೇಲೆ ಹಾರಿದವನ, ಕಾರ್ಟಿಯೆ-ಬ್ರೆಸಾನ್ ತೆಗೆದ ಆ 1932ರ ಫೋಟೋ ನೋಡಿದವರೆಲ್ಲ ನೀರಿನ ಮುಂದೆ ಬಕಪಕ್ಷಿಯ ಹಾಗೆ ಕಾಯುತ್ತಾರೆ. ನಾನೂ ಕಾಯುತ್ತೇನೆ. ಜನ ಮಾತ್ರ ಬಳಸಿಕೊಂಡು ಹೋಗುತ್ತಾರೆ.

ವಿಡಿಯೋ ಹಿಡಿಯುವಾಗ ಫೋಟೋದವರ ಚಟ ಒಂದಿದೆ: ಎರಡು ಸೆಕೆಂಡಿಗೆ ಕೈ ತೆಗೆಯುವುದು. ನನ್ನ ಮೊದಲ ಕ್ಲಿಪ್‌ಗಳೆಲ್ಲ ಹಾಗೇ, ಶುರುವಾಗುವಷ್ಟರಲ್ಲಿ ಮುಗಿದವು. ಈಗ ಮನಸ್ಸಿನಲ್ಲೇ ಹದಿನೈದರವರೆಗೆ ಎಣಿಸುತ್ತೇನೆ. ಕ್ಯಾಮೆರಾ ತಿರುಗಿಸುವುದಿಲ್ಲ. ಕುತ್ತಿಗೆಯ ಪಟ್ಟಿ ಬಿಗಿಯಾಗುವಷ್ಟು ಕ್ಯಾಮೆರಾ ಮುಂದಕ್ಕೆ ಚಾಚಿ, ಗೋಡೆಗೆ ಒರಗಿ ನಿಂತರೆ ಟ್ರೈಪಾಡ್ ಬೇಡ. ಟ್ರೈಪಾಡ್ ಇಟ್ಟರೆ ಜನ ಸುತ್ತಿಕೊಂಡು ಹೋಗುತ್ತಾರೆ, ಬೀದಿ ಬೀದಿಯಾಗಿ ಉಳಿಯುವುದಿಲ್ಲ.

ಎರಡನ್ನೂ ಸೇರಿಸುವುದು ಬೇರೆಯೇ ಕಷ್ಟ. ಮೊದಲ ಸಲ ಫೋಟೋಗಳಿಗೆಲ್ಲ ನಿಧಾನ ಜೂಮ್ ಹಾಕಿದೆ, ಮೇಲೆ ಒಂದು ಸಂಗೀತ. ನಿಂತ ಚಿತ್ರಕ್ಕೆ ನಾಚಿಕೆಯಾಗಿ ನಡೆದ ಹಾಗೆ ನಟಿಸುತ್ತಿತ್ತು. ಎಲ್ಲ ತೆಗೆದೆ. ಫೋಟೋ ನಿಂತರೆ ನಿಲ್ಲಲಿ. ಆದರೆ ಅದರ ಕೆಳಗೆ ಅದೇ ಜಾಗದ ಶಬ್ದ ಓಡಲಿ. ಇದು ಗೊತ್ತಾದ ದಿನ ನಿಜಕ್ಕೂ ಕುಣಿದೆ. ಮಳೆಯ ಶಬ್ದ ಕೇಳುತ್ತಿದ್ದರೆ ಮಳೆಯ ಫೋಟೋ ಸತ್ತ ಹಾಗೆ ಕಾಣುವುದಿಲ್ಲ, ಉಸಿರು ಹಿಡಿದ ಹಾಗೆ ಕಾಣುತ್ತದೆ. ಹಾಗಾಗಿ ಎಲ್ಲಿ ಹೋದರೂ ಎರಡು ನಿಮಿಷ ಬರೀ ಶಬ್ದ ರೆಕಾರ್ಡ್ ಮಾಡುತ್ತೇನೆ, ಮೈಕಿಗೆ ಗಾಳಿ ತಡೆಯುವ ಉಣ್ಣೆಯ ಟೋಪಿ ಹಾಕಿ. ಮುಂದಿನ ಜಾಗದ ಶಬ್ದ ಒಂದು ಸೆಕೆಂಡು ಮೊದಲೇ ಬರುವ ಹಾಗೆ ಜೋಡಿಸಿದರೆ ಫೋಟೋದಿಂದ ವಿಡಿಯೋಗೆ ದಾಟಿದ್ದು ಕುಕ್ಕುವುದಿಲ್ಲ.

ಅಳತೆಯದೂ ಒಂದು ತಕರಾರು. ಅಗಲಕ್ಕೂ ಎತ್ತರಕ್ಕೂ ಇರುವ ಲೆಕ್ಕ ಫೋಟೋದಲ್ಲಿ 3:2, ವಿಡಿಯೋದಲ್ಲಿ 16:9. ಫೋಟೋವನ್ನು ಪರದೆ ತುಂಬಿಸಲು ಹೋದರೆ ಎತ್ತರದಲ್ಲಿ ಆರರಲ್ಲಿ ಒಂದು ಪಾಲಿನಷ್ಟು ಹೋಗುತ್ತದೆ, ಸಾಮಾನ್ಯವಾಗಿ ಯಾರದೋ ಪಾದ. ನಾನು ಕತ್ತರಿಸುವುದಿಲ್ಲ. ಎರಡೂ ಪಕ್ಕ ಕಪ್ಪು ಬಿಡುತ್ತೇನೆ. ಪರದೆ ಕಿರಿದಾದಾಗ ಇದು ಫೋಟೋ ಅಂತ ಕಣ್ಣಿಗೇ ತಿಳಿಯುತ್ತದೆ.

ಕನ್ನಡಿಯದು ಈಗ 40 ಸೆಕೆಂಡಿನ ತುಣುಕು. ಮೊದಲು ಕತ್ತಲು, ಬರೀ ರಸ್ತೆಯ ಶಬ್ದ. ಆಮೇಲೆ ಅರ್ಧ ಮುಖದ ಫೋಟೋ, ಏಳು ಸೆಕೆಂಡು. ಅಷ್ಟು ಹೊತ್ತು ಬೇಡ, ಜಾಸ್ತಿ ಆಯಿತು ಅಂತ ನೋಡಿದವರೆಲ್ಲ ಹೇಳಿದರು. ಮೂರು ಸೆಕೆಂಡಿಗೆ ಇಳಿಸಿ ನೋಡಿದೆ. ಕನ್ನಡಿ ಚಲಿಸಿದಾಗ ಯಾರಿಗೂ ಏನೂ ಅನ್ನಿಸಲಿಲ್ಲ. ಮತ್ತೆ ಏಳಕ್ಕೇ ಏರಿಸಿದ್ದೇನೆ.