ಶಾಟ್ ಉದ್ದ ಮಾಡಿದೆ, ಸಿನಿಮಾ ಗಿಡ್ಡ ಆಯಿತು

ರೊಮ್ಯಾಂಟಿಕ್ ಕಾಮಿಡಿ ಅಂದ ಕೂಡಲೇ ಎಡಿಟಿಂಗ್ ರೂಮಿನಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು: "ಲ್ಯಾಗ್ ಆಗಬಾರದು." ಕಳೆದ ಸಿನಿಮಾದ ಎಡಿಟಿಂಗ್‌ನಲ್ಲಿ ಶಾಟ್‌ಗಳನ್ನು, ಅಂದರೆ ಒಂದು ಕಟ್‌ನಿಂದ ಮುಂದಿನ ಕಟ್‌ವರೆಗಿನ ತುಣುಕುಗಳನ್ನು, ಉದ್ದ ಬಿಡುತ್ತೇನೆ ಅಂದಾಗ ನಿರ್ದೇಶಕರಿಗೆ ಅನುಮಾನ, ನಿರ್ಮಾಪಕರಿಗೆ ಭಯ. ನನ್ನ ಅಸಿಸ್ಟೆಂಟ್ ಕೂಡ ಒಪ್ಪಿರಲಿಲ್ಲ. ಈಗ ಸಿನಿಮಾ ಹೊರಗೆ ಬಂದಿದೆ. ನಗಬೇಕಾದ ಕಡೆ ಜನ ನಕ್ಕರು, ಸುಮ್ಮನಾಗಬೇಕಾದ ಕಡೆ ಸುಮ್ಮನಾದರು. ಅದಕ್ಕೇ ಬರೆಯುತ್ತಿದ್ದೇನೆ. ಸಾಫ್ಟ್‌ವೇರ್ ವಿಷಯ ನಿಮಗೆಲ್ಲ ಗೊತ್ತಿರುವುದೇ, ಅದನ್ನು ಬಿಡುತ್ತೇನೆ.

ಮೊದಲ ಕಟ್, ಅಂದರೆ ಪೂರ್ತಿ ಜೋಡಿಸಿದ ಮೊದಲ ರೂಪ, ಸುಮಾರು 128 ನಿಮಿಷ ಇತ್ತು. ಶಾಟ್‌ಗಳು 2,500ರ ಹತ್ತಿರ. ಅಂದರೆ ಒಂದೊಂದು ಶಾಟ್ ಸರಾಸರಿ 3 ಸೆಕೆಂಡ್. ಯಾರು ಮಾತಾಡುತ್ತಾರೋ ಅವರ ಮುಖ, ಆಮೇಲೆ ಎದುರಿನವರ ಮುಖ. ಒಂದೊಂದೇ ಸೀನ್ ನೋಡಿದರೆ ಚುರುಕಾಗಿಯೇ ಇತ್ತು. ಆದರೆ ಟ್ರಯಲ್ ಶೋನಲ್ಲಿ ಮೊದಲ 20 ನಿಮಿಷ ನಕ್ಕ ಜನ ಆಮೇಲೆ ಕುರ್ಚಿಯಲ್ಲಿ ಹೊರಳಾಡಲು ಶುರು ಮಾಡಿದರು. ನಾಯಕ, ನಾಯಕಿ ಇಬ್ಬರೂ ಜಗಳ ಆಡಿ ದೂರವಾಗುವ ಜಾಗಕ್ಕೆ ಬಂದಾಗ ಯಾರಿಗೂ ಏನೂ ಅನಿಸಲಿಲ್ಲ. ಹೊರಗೆ ಬಂದು ಹೇಳಿದ್ದು "ಲ್ಯಾಗ್" ಅಂತ. 3 ಸೆಕೆಂಡಿನ ಶಾಟ್‌ಗಳಲ್ಲಿ ಲ್ಯಾಗ್ ಎಲ್ಲಿಂದ ಬಂತು?

ಎಲ್ಲರ ಸಲಹೆಯಂತೆ ಇನ್ನೂ ಬಿಗಿ ಮಾಡಿದೆವು. ಸರಾಸರಿ ಎರಡೂವರೆ ಸೆಕೆಂಡಿಗೆ ಇಳಿಯಿತು. ಬೇಜಾರು ಜಾಸ್ತಿ ಆಯಿತು. ಆಮೇಲೆ ಕಾಮಿಡಿ ಸೀನ್ ಬೇಗ, ಲವ್ ಸೀನ್ ನಿಧಾನ ಅಂತ ಹಂಚಿ ನೋಡಿದೆವು. ಇದು ಎಲ್ಲರೂ ಮಾಡುವ ಕೆಲಸ, ಅಲ್ವಾ? ಶಾಟ್ ಉದ್ದ ಆಗುತ್ತಿದ್ದಂತೆ ನೋಡುವವರಿಗೆ ಗೊತ್ತಾಗಿಬಿಡುತ್ತಿತ್ತು: ಓ, ಈಗ ಲವ್ ಬರುತ್ತೆ. ನಗು ಅಲ್ಲೇ ನಿಲ್ಲುತ್ತಿತ್ತು, ಪ್ರೀತಿ ಇನ್ನೂ ಹುಟ್ಟಿರುತ್ತಿರಲಿಲ್ಲ. ಅಷ್ಟರಲ್ಲಿ ಎರಡು ರೀಲಿನ ರೀರೆಕಾರ್ಡಿಂಗ್, ಅಂದರೆ ಹಿನ್ನೆಲೆ ಸಂಗೀತ, ಮುಗಿದಿತ್ತು. ಕಟ್ ಬದಲಾದ್ದರಿಂದ ಸಂಗೀತದ ಒಂದು ಬೀಟ್ ಕೂಡ ಜಾಗಕ್ಕೆ ಕೂರಲಿಲ್ಲ. ಆ ದುಡ್ಡು ಪೂರ್ತಿ ಹೋಯಿತು. ಎಡಿಟಿಂಗ್ ರೂಮಿನ ಬಾಡಿಗೆ ಬೇರೆ ಬೆಳೆಯುತ್ತಿತ್ತು.

ಆಗ ನಾನು ಸೀನು ಕಾಮಿಡಿಯೋ ಲವ್ವೋ ಅಂತ ನೋಡುವುದನ್ನೇ ಬಿಟ್ಟೆ. ಈ ಇಬ್ಬರು ಈ ಹೊತ್ತಿಗೆ ಎಷ್ಟು ಹತ್ತಿರ ಬಂದಿದ್ದಾರೆ? ಶಾಟಿನ ಉದ್ದ ಅದರ ಮೇಲೆ ಮಾತ್ರ.

ಮೊದಲ ಭೇಟಿಗಳಲ್ಲಿ ಬರೀ ಸಿಂಗಲ್ಸ್, ಫ್ರೇಮಿನಲ್ಲಿ ಒಬ್ಬರೇ. 2, 3 ಸೆಕೆಂಡ್, ಅಷ್ಟೇ. ಒಬ್ಬರ ಫ್ರೇಮಿನಲ್ಲಿ ಇನ್ನೊಬ್ಬರ ಕೂದಲೂ ಕಾಣಬಾರದು. ಪರಿಚಯ ಸ್ವಲ್ಪ ಬೆಳೆದ ಮೇಲೆ ಸಜೆಷನ್ ಶಾಟ್, ಒಬ್ಬರ ಮುಖದ ಫ್ರೇಮಿನೊಳಗೆ ಎದುರಿನವರ ಭುಜ ಬಂತು. ಇಬ್ಬರ ಮುಖವೂ ಒಂದೇ ಫ್ರೇಮಿನಲ್ಲಿ ಕಾಣುವ ಟೂ-ಶಾಟ್ ಮಾತ್ರ ಕೊಡಲೇ ಇಲ್ಲ. ಇಬ್ಬರೂ ಮೊದಲ ಸಲ ಒಂದೇ ವಿಷಯಕ್ಕೆ ಒಟ್ಟಿಗೆ ನಗುವ ಜಾಗ ಸುಮಾರು 40ನೇ ನಿಮಿಷಕ್ಕೆ ಇತ್ತು. ಅಲ್ಲಿಯವರೆಗೆ ತಡೆದು ಹಿಡಿದೆ. ಅಲ್ಲಿ ಮೊದಲ ಟೂ-ಶಾಟ್, ಹೆಚ್ಚುಕಮ್ಮಿ 14 ಸೆಕೆಂಡ್. ಅದಕ್ಕೆ ಮೊದಲು 5 ಸೆಕೆಂಡ್ ದಾಟಿದ ಶಾಟೇ ಇಲ್ಲ. ಟ್ರಯಲ್‌ನಲ್ಲಿ ಕೂತವರಿಗೆ ಕಾರಣ ಗೊತ್ತಿಲ್ಲ, ಆದರೆ ಆ ಜಾಗದಲ್ಲಿ ಮುಖಗಳು ಅರಳಿದ್ದನ್ನು ನಾನು ಪಕ್ಕದಲ್ಲಿ ನಿಂತು ನೋಡಿದೆ.

ಸಿನಿಮಾದ ಅತಿ ಉದ್ದದ ಶಾಟನ್ನು ಪ್ರಪೋಸ್ ಸೀನಿಗೆ ಇಡಲಿಲ್ಲ, ಜಗಳಕ್ಕೆ ಇಟ್ಟೆ. 50 ಸೆಕೆಂಡಿನ ಆಸುಪಾಸು, ಇಬ್ಬರೂ ಫ್ರೇಮಿನಲ್ಲಿ, ಒಂದೂ ಕಟ್ ಇಲ್ಲ. ಜಗಳದಲ್ಲಿ ಕಟ್ ಮಾಡಿದರೆ ಎಡಿಟರ್ ಒಬ್ಬರ ಪರ ನಿಂತ ಹಾಗಾಗುತ್ತದೆ. ಯಾರ ಮುಖಕ್ಕೆ ಹೋಗುತ್ತೀರೋ ಅವರದೇ ಸರಿ ಅನಿಸುತ್ತದೆ. ಕಟ್ ಇಲ್ಲದಿದ್ದರೆ ನೋಡುವವರ ಕಣ್ಣು ತಾನಾಗಿ ಇವರಿಂದ ಅವರಿಗೆ ಓಡಾಡುತ್ತದೆ, ಇಬ್ಬರಿಗೂ ಮರುಗುತ್ತದೆ. ದೂರವಾದ ಮೇಲೆ ಮತ್ತೆ ಸಿಂಗಲ್ಸ್, ಆದರೆ ಹಳೇ ವೇಗದಲ್ಲಿ ಅಲ್ಲ. 6, 7 ಸೆಕೆಂಡ್ ಬಿಟ್ಟೆ. ಇನ್ನೊಬ್ಬರು ಇರಬೇಕಾಗಿದ್ದ ಪಕ್ಕ ಖಾಲಿ ಇರುವ ಟೇಕ್‌ಗಳನ್ನೇ ಹುಡುಕಿ ಹಾಕಿದೆ.

ಕೊನೆಗೆ ಶಾಟ್‌ಗಳು 1,500ಕ್ಕೆ ಇಳಿದವು, ಸರಾಸರಿ 5 ಸೆಕೆಂಡಿಗೆ ಸ್ವಲ್ಪ ಕಮ್ಮಿ. ಸಿನಿಮಾ ಮಾತ್ರ 118 ನಿಮಿಷಕ್ಕೆ ಬಂತು. ನಿರ್ಮಾಪಕರು ಎರಡು ಸಲ ಲೆಕ್ಕ ಕೇಳಿದರು. ಆಗಿದ್ದು ಇಷ್ಟೇ: ಕೇಳಿಸಿಕೊಳ್ಳುವವಳ ಮುಖದ ಮೇಲೆ 4 ಸೆಕೆಂಡ್ ನಿಂತರೆ, ಅವಳಿಗೆ ಬೇಜಾರಾಯಿತು ಅನ್ನುವುದು ಅಲ್ಲೇ ಗೊತ್ತಾಗುತ್ತದೆ. ಮುಂದಿನ ಡೈಲಾಗಿನಲ್ಲಿ ಅದನ್ನೇ ಮತ್ತೆ ಹೇಳುವುದು ಬೇಡ. ಹೀಗೆ ಸೀನಿಗೆ ಎರಡು ಮೂರು ಸಾಲು ಬಿದ್ದುಹೋದವು, ಕೆಲವು ಕಡೆ ಸೀನೇ ಬಿದ್ದುಹೋಯಿತು. ಜನ ಲ್ಯಾಗ್ ಅಂದದ್ದು ಇದೇ ಎರಡೆರಡು ಸಲ ಹೇಳುವುದಕ್ಕೆ. ವುಡಿ ಅಲೆನ್ ನಿರ್ದೇಶನದ 'ಆನಿ ಹಾಲ್' ಕಥೆ ನೆನಪಿದೆಯಲ್ಲ? 1977ರ ಆ ಸಿನಿಮಾದ ಮೊದಲ ಕಟ್ 2 ಗಂಟೆ ದಾಟಿತ್ತು, ಪ್ರೇಮಕಥೆ ಅದರಲ್ಲಿ ಒಂದು ಎಳೆ ಮಾತ್ರ. ಎಡಿಟರ್ ರಾಲ್ಫ್ ರೋಸೆನ್‌ಬ್ಲಮ್ ಜೊತೆ ಅಲೆನ್ ಕೂತ ಎಡಿಟಿಂಗ್ ಟೇಬಲ್ಲಿನಲ್ಲೇ ಅದು 93 ನಿಮಿಷದ ಪ್ರೇಮಕಥೆ ಆಯಿತು.

"ಇದು ಹಳೇ ಕಾಲದ ಸ್ಪೀಡು" ಅಂದರು ನಿರ್ಮಾಪಕರು. ಒಂದು ಮಟ್ಟಿಗೆ ನಿಜ. 1930ರಿಂದ 1960ರವರೆಗಿನ ಹಾಲಿವುಡ್ ಸಿನಿಮಾಗಳ ಸರಾಸರಿ ಶಾಟ್ ಬಹುಪಾಲು 8ರಿಂದ 11 ಸೆಕೆಂಡ್, ಆ ಶತಮಾನದ ಕೊನೆಗೆ 3ರಿಂದ 6 ಅಂತ ಸಿನಿಮಾ ವಿದ್ವಾಂಸ ಡೇವಿಡ್ ಬೋರ್ಡ್‌ವೆಲ್ ಲೆಕ್ಕ ಕೊಟ್ಟಿದ್ದಾರೆ. ನಾನು ಅವರಿಗೆ 1940ರ 'ಹಿಸ್ ಗರ್ಲ್ ಫ್ರೈಡೇ' ತೋರಿಸಿದೆ. ಒಬ್ಬರ ಮಾತಿನ ಮೇಲೆ ಇನ್ನೊಬ್ಬರ ಮಾತು ಹತ್ತಿ ಓಡುತ್ತದೆ, ಶಾಟ್ ಮಾತ್ರ ಆರಾಮಾಗಿ ನಿಂತಿರುತ್ತದೆ. ನೋಡಿದ ಮೇಲೆ ಅವರು ಆ ಮಾತು ಎತ್ತಲಿಲ್ಲ.

ನಗುವಿಗೆ ಜಾಗ ಬಿಡುವುದು ಬೇರೆಯೇ ಲೆಕ್ಕ. ಟ್ರಯಲ್ ಶೋನಲ್ಲಿ ರೆಕಾರ್ಡರ್ ಇಟ್ಟು, ಜನರ ನಗುವನ್ನು ಟೈಮ್‌ಲೈನಿನ (ಶಾಟ್‌ಗಳನ್ನು ಸಾಲಾಗಿ ಜೋಡಿಸುವ ಪಟ್ಟಿಯ) ಕೆಳಗೆ ಒಂದು ಟ್ರ್ಯಾಕ್ ಆಗಿ ಕೂರಿಸಿದೆ. ಜೋಕ್ ಮುಗಿದು 12 ಫ್ರೇಮ್, ಅಂದರೆ ಅರ್ಧ ಸೆಕೆಂಡ್ ಹೊತ್ತಿಗೆ ನಗು ಏಳುತ್ತದೆ. ಸಣ್ಣ ನಗು ಒಂದೂವರೆ ಸೆಕೆಂಡ್, ದೊಡ್ಡದು 3ರಿಂದ 4. ಅಷ್ಟರಲ್ಲಿ ಬರುವ ಡೈಲಾಗ್ ಮುಳುಗಿಹೋಗುತ್ತದೆ. ಆ ಜಾಗಕ್ಕೆ ಕೇಳುವವರ ರಿಯಾಕ್ಷನ್ ಹಾಕಿದೆ. ಜನ ನಗದಿದ್ದರೂ ಅದು ಖಾಲಿ ಕಾಣುವುದಿಲ್ಲ. ಎಡಿಟಿಂಗ್ ರೂಮಿನಲ್ಲಿ ಒಬ್ಬರೇ ಕೂತು ನೋಡಿದರೆ ಜಾಸ್ತಿ ಆಯಿತು ಅನಿಸುತ್ತದೆ, ಆಗ ಆ ನಗುವಿನ ಟ್ರ್ಯಾಕಿನಲ್ಲಿ ಕಾಣುವ ವೇವ್‌ಫಾರ್ಮನ್ನೇ, ಸದ್ದಿನ ಏರಿಳಿತದ ಗೆರೆಯನ್ನೇ ನಂಬಿ. ನಗು ಇಳಿಯುವುದಕ್ಕೆ ಎಷ್ಟು ಫ್ರೇಮ್ ಮೊದಲು ಮುಂದಿನ ಮಾತು ಶುರು ಮಾಡಬೇಕು ಅನ್ನುವ ಲೆಕ್ಕ ನನ್ನ ಹತ್ತಿರವೇ ಇರಲಿ.

ಮನೆಯಲ್ಲಿ ಒಬ್ಬರೇ ನೋಡುವವರಿಗೆ ಅಂತ ಈ ಜಾಗಗಳಲ್ಲಿ ಸುಮಾರು 10 ಫ್ರೇಮ್ ತೆಗೆದು ಇನ್ನೊಂದು ವರ್ಷನ್ ಮಾಡಿದೆ, ಚೆನ್ನಾಗಿ ಬಂತು. ಟೂ-ಶಾಟ್‌ಗಳನ್ನೂ ಹಾಗೇ ಟ್ರಿಮ್ ಮಾಡಿದಾಗ ಮಾತ್ರ ಪ್ರೀತಿ ಬಿದ್ದುಹೋಯಿತು, ವಾಪಸ್ ಹಾಕಿದೆ. ಕಣ್ಣು ಮಿಟುಕುವ ಹೊತ್ತಿಗೆ ಕಟ್ ಕೂರುತ್ತದೆ ಅಂತ ಹಾಲಿವುಡ್ ಎಡಿಟರ್ ವಾಲ್ಟರ್ ಮರ್ಚ್ ಹೇಳಿದ್ದು ಗೊತ್ತಲ್ಲ, ಅದನ್ನೂ ಸುಮ್ನೆ ತಿರುಗಿಸಿ ನೋಡಿದೆ. ಹುಡುಗಿ ಕಣ್ಣು ಮಿಟುಕಿದ ಮೇಲೂ ಒಂದು ಸೆಕೆಂಡ್ ನಿಂತರೆ ಅವಳು ಏನೋ ಮುಚ್ಚಿಡುತ್ತಿದ್ದಾಳೆ ಅನಿಸುತ್ತದೆ. ಎರಡು ಕಡೆ ಬಳಸಿದೆ, ಎರಡೂ ಕಡೆ ಕೆಲಸ ಮಾಡಿತು.

ದುಡ್ಡು ಉಳಿದದ್ದು ಟೂ-ಶಾಟ್‌ನಲ್ಲೇ. ಅವನ ಒಳ್ಳೇ ಟೇಕ್ ಒಂದು, ಅವಳದ್ದು ಇನ್ನೊಂದು. ಕ್ಯಾಮೆರಾ ಟ್ರೈಪಾಡ್ ಮೇಲೆ ಅಲ್ಲಾಡದೆ ಇದ್ದದ್ದರಿಂದ ಫ್ರೇಮನ್ನು ಮಧ್ಯದಲ್ಲಿ ಸೀಳಿ, ಎಡಕ್ಕೆ ಒಂದು ಟೇಕ್, ಬಲಕ್ಕೆ ಇನ್ನೊಂದು ಕೂರಿಸಿದೆ. ಸೀಳಿದ ಗೆರೆಯನ್ನು ಬಾಗಿಲ ಚೌಕಟ್ಟಿನ ಮೇಲೆ ಇಟ್ಟರೆ ಯಾರಿಗೂ ಕಾಣುವುದಿಲ್ಲ. ಜಗಳದ ಆ ಉದ್ದ ಶಾಟ್ ಕೂಡ ಹೀಗೆ ಮಾಡಿದ್ದೇ. ಬೇಕಾದ ತುಣುಕುಗಳಿಗೆ ಒಂದು ದಿನದ ಪ್ಯಾಚ್ ಶೂಟ್ ಕೇಳಿದ್ದೆ, ಅರ್ಧ ದಿನದಲ್ಲಿ ಮುಗಿಯಿತು. ಮೊದಲು ಹೋದ ರೀರೆಕಾರ್ಡಿಂಗ್ ದುಡ್ಡಿನ ದೊಡ್ಡ ಪಾಲು ಅಲ್ಲಿ ವಾಪಸ್ ಬಂತು.

ಹೊಸ ಸಿನಿಮಾಕ್ಕೆ ಶೂಟಿಂಗಿಗೆ ಮೊದಲೇ ಪಟ್ಟಿ ಕೊಟ್ಟಿದ್ದೇನೆ: ಯಾವ ಸೀನುಗಳಲ್ಲಿ ಅಲ್ಲಾಡದ ಟೂ-ಶಾಟ್ ಬೇಕು, ಎಲ್ಲಿ ಖಾಲಿ ಜಾಗ ಬಿಟ್ಟ ಸಿಂಗಲ್ ಬೇಕು ಅಂತ. ಕ್ಯಾಮೆರಾಮನ್ ಒಪ್ಪಿದ್ದಾರೆ. ನಿರ್ಮಾಪಕರು ಈ ಸಲ ಬೇರೆಯವರು, ಅವರೂ ಲ್ಯಾಗ್ ಅನ್ನುತ್ತಿದ್ದಾರೆ. ಹಳೇ ಸಿನಿಮಾದ ಮೊದಲಿನದು, ಕೊನೆಯದು ಎರಡೂ ಟೈಮ್‌ಲೈನ್ ಪಕ್ಕಪಕ್ಕ ಇಟ್ಟು ಅವರಿಗೆ ತೋರಿಸುವುದು ಬಾಕಿ ಇದೆ.