ಹಿಂದಿನ ಚಕ್ರ ಸರಿಹೋದ ಮೇಲೆ ಸ್ಟಿಯರಿಂಗ್ ನೆಟ್ಟಗಾಯಿತು

ನೇರ ರಸ್ತೆಯಲ್ಲೂ ನನ್ನ ಸ್ಕೋಡಾ ಲಾರಾದ ಸ್ಟಿಯರಿಂಗ್ ಎಡಕ್ಕೇ ವಾಲಿರುತ್ತಿತ್ತು. ಟೈರ್ ಅಂಗಡಿಯಲ್ಲಿ ಮುಂದಿನ ಚಕ್ರಗಳ ಅಲೈನ್‌ಮೆಂಟ್ ಮಾತ್ರ ಮಾಡಿ ಕಳಿಸಿದರು. ಹಿಂದಿನ ಎಡ ಟೈರಿನ ಒಳಅಂಚನ್ನು ಕೈಯಿಂದ ಸವರಿದೆ. ಒಂದು ಕಡೆಗೆ ನುಣುಪು, ವಾಪಸ್ ಎಳೆದರೆ ಗರಗಸದ ಹಲ್ಲಿನಂತೆ ಚುಚ್ಚುತ್ತಿತ್ತು. ಹಿಂದಿನ ಟೋ, ಅಂದರೆ ಚಕ್ರ ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ, ಕೆಟ್ಟಿರಬೇಕು ಅನ್ನಿಸಿತು.

ನಾಲ್ಕೂ ಚಕ್ರಕ್ಕೆ ಸೆನ್ಸರ್ ಹಾಕಿ ಅಲೈನ್‌ಮೆಂಟ್ ಅಳೆಯುವ ಕಡೆ ಹೋದೆ. ಲಾರಾದ ಹಿಂದೆ ಮಲ್ಟಿ-ಲಿಂಕ್ ಸಸ್ಪೆನ್ಷನ್ (ಪ್ರತಿ ಚಕ್ರವನ್ನೂ ಬೇರೆ ಬೇರೆ ತೋಳುಗಳು ಹಿಡಿದಿರುವ ಬಗೆ), ಟೋ ಹೊಂದಿಸಲು ಎಕ್ಸೆಂಟ್ರಿಕ್ ಬೋಲ್ಟ್ (ತಿರುಗಿಸಿದರೆ ತೋಳನ್ನು ಸ್ವಲ್ಪ ಸರಿಸುವ ಬೋಲ್ಟ್) ಇದೆ. ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ಕಾದ ಮೇಲೆ ಅಲುಗಿತು. ಮೊದಲು ಹಿಂದಿನ ಟೋ, ಆಮೇಲೆ ಸ್ಟಿಯರಿಂಗ್ ನೆಟ್ಟಗೆ ಲಾಕ್ ಮಾಡಿ ಮುಂದಿನದು. ಈ ಕ್ರಮ ತಪ್ಪಲೇಬಾರದು. ಹಿಂದಿನ ಚಕ್ರ ಸೊಟ್ಟಗಿದ್ದರೆ ಮುಂದೆ ಎಷ್ಟು ತಿದ್ದಿದರೂ ಸುಮ್ನೆ, ಅಲ್ವಾ?

ಸ್ವಿಫ್ಟ್‌ನಂಥ ಕಾರಿನಲ್ಲಿ ಹಿಂದೆ ಟಾರ್ಷನ್ ಬೀಮ್ (ಎರಡೂ ಹಿಂದಿನ ಚಕ್ರಗಳನ್ನು ಜೋಡಿಸುವ ಒಂದೇ ಅಡ್ಡತೊಲೆ), ಈ ಬೋಲ್ಟ್ ಇರುವುದಿಲ್ಲ. ಕೆಲಸ ಮುಗಿದ ಮೇಲೆ ಅಳತೆಯ ಪ್ರಿಂಟ್‌ಔಟ್ ಕೇಳಿ, ಹಿಂದಿನ ಚಕ್ರಗಳ ಅಂಕಿಗಳನ್ನೂ ನೋಡಿ.